ಫಾರಂನಲ್ಲಿ ಇಲ್ಲದ ಮಡು

ಗದ್ವಾಲಕ್ಕೆ ಹೋಗುವ ಬಸ್ಸು ಅಣೆಕಟ್ಟಿನ ಮೇಲಿನ ರಸ್ತೆ ಹಿಡಿದ ಕೂಡಲೇ ಕಿಟಕಿ ಪಕ್ಕ ಕೂತವರೆಲ್ಲ ಮೂಗಿಗೆ ಸೆರಗು, ಟವೆಲ್ಲು ಹಿಡಿಯುತ್ತಾರೆ. ಮೇ ತಿಂಗಳಲ್ಲಿ ಹಿನ್ನೀರು ಹಿಂದೆ ಸರಿದು ಕೃಷ್ಣೆಯ ತಳ ಬಯಲಾದಾಗ ಬರುವ ವಾಸನೆ ಅದು. ಒಣಗುವ ಕೆಸರು, ಕೊಳೆತ ಪಾಚಿ, ಸತ್ತ ಸಿಂಪಿ, ಕಾದ ಕಲ್ಲು, ಎಲ್ಲ ಸೇರಿದ್ದು. ಉಳಿದವರಿಗೆ ಹೇಸಿಗೆಯಾಗುತ್ತದೆ. ನನಗೆ ಸಿಟ್ಟು ಬರುತ್ತದೆ. ಹೋದ ತಿಂಗಳು ತಂಗಿಯ ಹಟಕ್ಕೆ ಗದ್ವಾಲ ಸೀರೆ ನೋಡಲು ಅವಳ ಜೊತೆ ಹೊರಟಿದ್ದೆ. ನಾರಾಯಣಪೇಟೆಯ ನೇಕಾರರ ಮನೆಯಲ್ಲಿ ಹುಟ್ಟಿ ಸೀರೆ ಕೊಳ್ಳಲು ಗದ್ವಾಲಕ್ಕೆ ಹೋಗುವುದೇ ನಾಚಿಕೆಗೇಡು, ಅದರ ಮೇಲೆ ಈ ವಾಸನೆ ಬೇರೆ. ತಂಗಿ ನನ್ನ ಮುಖ ನೋಡಿ, ಯಾರ ಮೇಲೆ ಅಷ್ಟೊಂದು ಹಲ್ಲು ಕಡಿಯುತ್ತಿದ್ದೀ ಎಂದು ಕೇಳಿದಳು. ಒಬ್ಬರ ಮೇಲಾಗಿದ್ದರೆ ಹೆಸರು ಹೇಳಬಹುದಿತ್ತು. ಆ ಒಂದು ಬೇಸಿಗೆಯಲ್ಲಿ ನನಗೆ ಗಂಟುಬಿದ್ದ ಎಲ್ಲರ ಮೇಲೂ ಕಡಿಯುತ್ತಿದ್ದೆ, ನನ್ನನ್ನೂ ಸೇರಿಸಿ.

ಆಗ ನಾನು ಮರಿಕಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಬೇಸಿಗೆ ರಜೆ ಬಂದರೆ ಮನೆಯಲ್ಲಿ ಅವ್ವನ ಜೊತೆ ಕೂತು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವುದು ನನ್ನ ಪಾಲಿಗೆ ಬರುತ್ತಿತ್ತು. ಆ ವರ್ಷ ಅದರಿಂದ ತಪ್ಪಿಸಿಕೊಳ್ಳುವ ದಾರಿ ಸಿಕ್ಕಿತು. ಹೊಳೆಯ ನೀರನ್ನು ಯಾವ ತಿಂಗಳು ಯಾರಿಗೆ ಎಷ್ಟು ಕೊಡಬೇಕೆಂದು ಸರ್ಕಾರದವರು ಇಡೀ ಜಲಾನಯನಕ್ಕೆ ಒಂದು ಯೋಜನೆ ಬರೆಯುತ್ತಿದ್ದರು. ಕಾಲುವೆಗೆ ಇಷ್ಟು, ಊರುಗಳಿಗೆ ಇಷ್ಟು, ಕಾರ್ಖಾನೆಗೆ ಇಷ್ಟು. ಈ ಸಲ ಹೊಸದಾಗಿ, ಹೊಳೆಗೇ ಎಷ್ಟು ಬಿಡಬೇಕು ಎಂಬ ಪ್ರಶ್ನೆಯನ್ನೂ ಸೇರಿಸಿದ್ದರು. ಮೀನು, ಆಮೆ, ನೀರುನಾಯಿಗಳು ಬೇಸಿಗೆ ಕಳೆಯುವ ಜಾಗಗಳನ್ನು ಪಟ್ಟಿ ಮಾಡಬೇಕು, ಪಟ್ಟಿಯಲ್ಲಿ ಬಂದ ಜಾಗವನ್ನು ಯಾರೂ ಮುಟ್ಟಬಾರದು. ಅದಕ್ಕಾಗಿ ದಂಡೆಯ ಊರುಗಳಲ್ಲಿ ಮನೆ ಮನೆ ತಿರುಗಿ ಕೇಳಲು ಕನ್ನಡ, ತೆಲುಗು, ದಖ್ಖನಿ ಮೂರೂ ಬಲ್ಲವರು ಬೇಕಾಗಿದ್ದರು. ನಾನು ಕುಣಿಯುತ್ತ ಒಪ್ಪಿಕೊಂಡೆ. ಹೊಳೆಗೂ ಬಾಯಾರುತ್ತದೆ ಎಂದು ಯಾರೋ ಒಬ್ಬರಿಗಾದರೂ ಹೊಳೆದಿದೆಯಲ್ಲ ಎಂದು ನಿಜವಾಗಿಯೂ ಖುಷಿಯಾಗಿತ್ತು.

ಯೋಜನೆಯ ದಫ್ತರು ಗದ್ವಾಲದಲ್ಲಿ ಒಂದು ಸೀರೆ ಅಂಗಡಿಯ ಮೇಲಿನ ಎರಡು ಕೋಣೆ. ಅಲ್ಲಿ ನಮ್ಮ ಮೇಲಿನವರು ರಂಗನಾಥ ಸಾರ್, ಹೈದರಾಬಾದಿನಿಂದ ಬಂದ ಇಂಜಿನಿಯರು. ಕೆಟ್ಟ ಮನುಷ್ಯರಲ್ಲ. ಆದರೆ ಅವರಿಗೆ ಹೊಳೆಗಿಂತ ನಕ್ಷೆ ಹೆಚ್ಚು ಪ್ರೀತಿ, ನಕ್ಷೆಗಿಂತ ಫಾರಂ ಹೆಚ್ಚು ಪ್ರೀತಿ. ಮೊದಲ ದಿನವೇ ಅವರು ನನಗೆ ತೆಲುಗಿನಲ್ಲಿ ಒಂದೇ ಉಪದೇಶ ಮಾಡಿದರು, ಯಾವ ಕಾಲಮ್ಮನ್ನೂ ಖಾಲಿ ಬಿಡಬೇಡಿ ಅಂತ. ಹತ್ತೊಂಬತ್ತು ಕಾಲಂ. ಬೇಸಿಗೆಯಲ್ಲಿ ನೀರು ನಿಲ್ಲುತ್ತದೆಯೇ, ಹೌದು ಅಥವಾ ಇಲ್ಲ. ಎಷ್ಟು ಆಳ. ಯಾವ ಮೀನು. ಗೊತ್ತಿಲ್ಲ ಎಂದು ಬರೆಯಲು ಜಾಗವೇ ಇರಲಿಲ್ಲ. ಗೊತ್ತಿಲ್ಲದ್ದನ್ನು ಏನು ಮಾಡಲಿ ಸಾರ್ ಎಂದು ಕೇಳಿದ್ದಕ್ಕೆ, ಊರವರಿಗೆ ಗೊತ್ತಿರುತ್ತದೆ, ಅವರನ್ನು ಕೇಳಿ ಎಂದರು. ಊರವರಿಗೆ ಗೊತ್ತಿತ್ತು. ನನ್ನ ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ನನ್ನ ಪಾಲಿಗೆ ಬಂದ ಊರುಗಳಲ್ಲಿ ಹೊಳೆದೊಡ್ಡಿ ಒಂದು. ಮಕ್ತಲ್‌ನಿಂದ ಆಟೋ ಹಿಡಿದು, ಆಟೋ ಬಿಟ್ಟು ಹತ್ತಿಯ ಕಟ್ಟಿಗೆ ಒಣಗಿ ನಿಂತ ಹೊಲಗಳ ನಡುವೆ ನಡೆದು ಹೋಗಬೇಕು. ಅಣೆಕಟ್ಟಿನ ಹಿನ್ನೀರು ಅಲ್ಲಿಯವರೆಗೆ ಏರುವುದಿಲ್ಲ. ಅಲ್ಲಿ ಕೃಷ್ಣೆ ಇನ್ನೂ ಹಳೆಯ ಕೃಷ್ಣೆಯೇ, ಎರಡು ಕವಲಾಗಿ ಬಂಡೆಗಳ ನಡುವೆ ನುಸುಳಿ ಬರುತ್ತಾಳೆ. ಊರಿನಲ್ಲಿ ಅಂಬಿಗರ ಮನೆಗಳು ಇಪ್ಪತ್ತೋ ಇಪ್ಪತ್ತೈದೋ. ಪುಟ್ಟಿ ಎಂದು ಅವರು ಕರೆಯುವ ಹರಿಗೋಲುಗಳನ್ನು ಪ್ರತಿ ಮನೆಯ ಮುಂದೆ ಬೋರಲು ಹಾಕಿರುತ್ತಾರೆ. ಮೊದಲ ಸಲ ಹೋದಾಗ ಎಲ್ಲರೂ ಮಜ್ಜಿಗೆ ಕೊಟ್ಟರು, ನೆರಳಲ್ಲಿ ಕೂರಿಸಿದರು, ಟೀಚರಮ್ಮ ಅಂತ ಹೆಸರಿಟ್ಟರು. ಬೇಸಿಗೆಯಲ್ಲಿ ಇಲ್ಲಿ ಮಡು ಉಳಿಯುತ್ತದೆಯೇ ಎಂದು ಕೇಳಿದೆ. ಇಲ್ರಿ, ಬರೇ ಬಂಡಿಗಲ್ಲು ಎಂದರು. ಎರಡನೆಯ ಸಲ ಹೆಂಗಸರನ್ನು ಬೇರೆಯಾಗಿ ಕೇಳಿದೆ. ಬರೇ ಬಂಡಿಗಲ್ಲು. ಊರಿಗೇ ಹಿರಿಯ ಅಂಬಿಗ ತಾಯಪ್ಪನನ್ನು ಕೇಳಿದೆ. ಅರವತ್ತು ದಾಟಿದ ಮನುಷ್ಯ, ಹಣೆ ತುಂಬ ವಿಭೂತಿ, ಬಲೆ ಹೊಲಿಯುವ ಕೈ ನಿಲ್ಲಿಸದೆ ಅದೇ ಮಾತು ಹೇಳಿದ. ಹದಿನಾಲ್ಕು ಮನೆಗಳಲ್ಲಿ ಒಂದೇ ಉತ್ತರ ಬಂದರೆ ಯಾರಾದರೂ ಏನು ಮಾಡುತ್ತಾರೆ? ನಾನೂ ಅದನ್ನೇ ಮಾಡಿದೆ. ಐದು ಮನೆಗೊಂದರಂತೆ ಮೂರು ಫಾರಂನಲ್ಲಿ ದುಂಡಗೆ ‘ಇಲ್ಲ’ ಎಂದು ಬರೆದು ಗದ್ವಾಲಕ್ಕೆ ಮುಟ್ಟಿಸಿದೆ. ರಂಗನಾಥ ಸಾರ್ ನನ್ನ ಅಕ್ಷರ ಮೆಚ್ಚಿಕೊಂಡರು.

ಮೂರನೆಯ ಸಲ ಹೋದದ್ದು ತಾಯಪ್ಪನ ಆಧಾರ ಕಾರ್ಡಿನ ಒಂದು ನಂಬರು ತಪ್ಪಾಗಿದ್ದಕ್ಕೆ, ಅಷ್ಟೇ. ಮಟಮಟ ಮಧ್ಯಾಹ್ನ. ತಾಯಪ್ಪನ ಸೊಸೆ ಈರಮ್ಮ ಬಿಸಿಲಿಗೆ ಬಾಡಿದ ನನ್ನ ಮುಖ ನೋಡಿ ಗಾಬರಿಯಾದಳು. ಅವಳ ಗಂಡ ಪುಣೆಯಲ್ಲಿ ಕಟ್ಟಡದ ಕೆಲಸದಲ್ಲಿದ್ದ. ಮಳೆಗಾಲಕ್ಕೆ ಬಂದು, ಮೀನು ಮುಗಿದ ಮೇಲೆ ಮತ್ತೆ ಹೋಗುತ್ತಿದ್ದ. ಅವಳು ಹುಟ್ಟಿದ್ದು ವಡ್ಡೆಪಲ್ಲಿಯ ಕಡೆಯ ಒಣ ಹೊಲದ ಊರಿನಲ್ಲಿ, ಹೊಳೆ ನೋಡಿದ್ದೇ ಮದುವೆಯಾದ ಮೇಲೆ. ಬರ್ರಿ, ಮಾರಿ ತೊಳಕೊಳ್ಳುವಿರಂತೆ ಎಂದು ನನ್ನನ್ನು ಕೈ ಹಿಡಿದು ಕರೆದುಕೊಂಡು ಹೋದಳು. ಬಂಡೆ ಹತ್ತಿ, ಬಂಡೆ ಇಳಿದು, ಎರಡು ದೊಡ್ಡ ಗುಂಡುಗಳ ಸಂದಿಯಲ್ಲಿ ನುಗ್ಗಿ ಆಚೆ ಹೋದರೆ ಎದುರಿಗೆ ನೀರು. ಒಂದು ಊರಿನ ಕೆರೆಯಷ್ಟು ನೀರು, ಹಸಿರು ಬಣ್ಣದ್ದು, ಅಲ್ಲಾಡದ್ದು. ಕೆಳಗಡೆ ಹೊಸ್ತಿಲಿನ ಹಾಗೆ ಒಂದು ಉದ್ದನೆಯ ಬಂಡೆ ಅಡ್ಡ ಮಲಗಿತ್ತು, ನೀರು ಅದರ ಹಿಂದೆ ನಿಂತಿತ್ತು.

ನಾನು ಕಾಲಿಡಲು ಹೋದೆ. ಈರಮ್ಮ ರಟ್ಟೆ ಹಿಡಿದು ಎಳೆದಳು, ತಳ ಸಿಗುವುದಿಲ್ಲವಂತೆ. ಮಡಿಲಿನಲ್ಲಿದ್ದ ರೊಟ್ಟಿಯ ಚೂರನ್ನು ಎಸೆದಳು. ನೀರು ಒಮ್ಮೆಗೇ ಕುದಿಯಿತು. ನನ್ನ ತೋಳುದ್ದದ ಬಾಳೆಮೀನೊಂದು ಬೆನ್ನು ತೋರಿಸಿ ಮುಳುಗಿತು, ಅದರ ಹಿಂದೆ ಕೊರವ, ಅದರ ಹಿಂದೆ ನನಗೆ ಹೆಸರೂ ಗೊತ್ತಿಲ್ಲದ್ದು. ಆಚೆ ದಡದಲ್ಲಿ ಮೂರು ಆಮೆಗಳು ಬಂಡೆಯ ಮೇಲಿಂದ ದಬದಬ ಜಾರಿದವು. ನಾನು ಬಾಯಿ ತೆರೆದು ನಿಂತಿದ್ದೆ. ಈರಮ್ಮನಿಗೆ ಆಗ ತಾನು ಮಾಡಿದ್ದು ತಿಳಿಯಿತು. ಮುಖ ಸಣ್ಣದಾಯಿತು.

“ನಾ ತೋರ್ಸಿಲ್ರಿ, ನೀವು ನೋಡಿಲ್ಲ,” ಎಂದಳು.

ಆಮೇಲೆ ಅಲ್ಲೇ ಕೂತು ಎಲ್ಲ ಹೇಳಿದಳು. ಅದು ಅವ್ವನ ಮಡು, ಹೊಳೆಯವ್ವನಿಗೆ ಬಿಟ್ಟದ್ದು. ಹೋಳಿಯಿಂದ ಹಿಡಿದು ಮೇಲಿನ ಮಳೆಯ ಕೆಂಪು ನೀರು ಬರುವ ತನಕ ಅದರಲ್ಲಿ ಬಲೆ ಬೀಳಬಾರದು, ಗಾಳ ಬೀಳಬಾರದು, ಬಟ್ಟೆ ಒಗೆಯುವ ಸಬಕಾರವೂ ಬೀಳಬಾರದು. ಹೊಳೆಯ ಮೀನೆಲ್ಲ ಬೇಸಿಗೆಗೆ ಅಲ್ಲಿ ಬಂದು ಉಳಿಯುತ್ತದೆ, ಕೆಂಪು ನೀರಿನ ಜೊತೆ ಮರಿ ಹೊರಗೆ ಬೀಳುತ್ತದೆ, ಆ ಮರಿಯಿಂದಲೇ ಹೊಳೆ ಮತ್ತೆ ತುಂಬುತ್ತದೆ. ಅಲ್ಲಿ ಮೀನಿದೆ ಎಂದು ಪರರ ಮುಂದೆ ಬಾಯಿ ಬಿಟ್ಟು ಹೇಳಬಾರದು. ಹಿಂದೆ ಯಾರೋ ಒಬ್ಬ ಕುಡಿದು ಜಂಬ ಕೊಚ್ಚಿಕೊಂಡು, ಮೀನಿನ ಗುತ್ತೇದಾರನ ಮಂದಿ ಸಣ್ಣ ಕಣ್ಣಿನ ಬಲೆ ತಂದು ಬಳಿದುಕೊಂಡು ಹೋದರಂತೆ, ಮೂರು ವರ್ಷ ಹೊಳೆ ಬರಿದಾಗಿತ್ತಂತೆ. ಅಂದಿನಿಂದ ಹೇಳಿದವರ ಮನೆಯ ಬಲೆ ಬಂದ್. ಒಂದು ಮಳೆಗಾಲ ಪೂರ್ತಿ ಅವರು ಪುಟ್ಟಿ ಇಳಿಸುವಂತಿಲ್ಲ, ಮೊದಲ ದಿನದ ಮೀನನ್ನು ಎಲ್ಲ ಮನೆಗೂ ಹಂಚುವಾಗ ಆ ಮನೆಗೆ ಪಾಲಿಲ್ಲ. ಮದುವೆಯಾಗಿ ಬಂದ ಒಂಬತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆ ಎಂದು ಈರಮ್ಮ ಹಣೆ ಚಚ್ಚಿಕೊಂಡಳು. ನಾನು ಊರಿನಲ್ಲಿ ಯಾರ ಮುಂದೆಯೂ ಅವಳ ಹೆಸರು ಹೇಳುವುದಿಲ್ಲ ಎಂದು ಆಣೆ ಮಾಡಿದೆ. ಊರಿನವರ ಲೆಕ್ಕಕ್ಕೆ ಅವಳು ಈಗಲೂ ಬಾಯಿ ಮುಚ್ಚಿಕೊಂಡವಳೇ.

ಅವತ್ತು ಆಟೋದಲ್ಲಿ ಮಕ್ತಲ್ ತನಕ ನಾನು ಬೈದುಕೊಂಡೇ ಬಂದೆ. ಮೂರು ಫಾರಂ ಹಾಳು. ಆದರೆ ತಿದ್ದಿದರಾಯಿತು ಎಂದುಕೊಂಡಿದ್ದೆ. ಎರಡು ದಿನ ಬಿಟ್ಟು ಗದ್ವಾಲಕ್ಕೆ ಹೋದಾಗ ರಂಗನಾಥ ಸಾರ್ ಗೋಡೆಯ ಮೇಲೆ ಹೊಸ ನಕ್ಷೆ ಅಂಟಿಸಿ, ಮಗುವನ್ನು ತೋರಿಸುವವರ ಹಾಗೆ ತೋರಿಸಿದರು. ಹೊಳೆಯ ಮೇಲೆ ಒಂದು ಕೆಂಪು ಗೀಟು. ಅದು ಇದ್ದದ್ದು ಸರಿಯಾಗಿ ಆ ಹೊಸ್ತಿಲ ಬಂಡೆಯ ಮೇಲೆ. ಊರುಗಳಿಗೆ ಕುಡಿಯುವ ನೀರೆತ್ತುವ ಬಾವಿ ಅಲ್ಲಿಂದ ಕೆಳಗಡೆ ಇತ್ತು. ಬೇಸಿಗೆಯಲ್ಲಿ ಹಿನ್ನೀರು ಸರಿದರೆ ಆ ಬಾವಿ ಮರಳಿನ ನಡುವೆ ಒಣಗಿ ನಿಲ್ಲುತ್ತಿತ್ತು. ಮೇಲಿನಿಂದ ಬರುವ ಎಳೆಯಷ್ಟು ನೀರು ಬಂಡೆಯ ಹಿಂದೆ ಸುಮ್ಮನೆ ನಿಲ್ಲುವ ಬದಲು ಬಾವಿಗೆ ಹರಿಯಲಿ ಎಂದು ಬಂಡೆ ಕಡಿದು ತೋಡು ಮಾಡುವ ಯೋಚನೆ. ಅಲ್ಲಿ ಮೀನಿನ ತಾವು ಏನೂ ಇಲ್ಲವಲ್ಲ, ನಿಮ್ಮ ಫಾರಂಗಳೇ ಹೇಳುತ್ತವೆ ಎಂದು ನನ್ನ ಅಕ್ಷರವನ್ನೇ ನನಗೆ ತೋರಿಸಿದರು.

ಬಂಡೆ ಕಡಿದರೆ ಮಡು ಒಂದೇ ವಾರದಲ್ಲಿ ಬಸಿದು ಹೋಗುತ್ತದೆ. ಬೇಡ ಎಂಬ ಮಾತು ಬಾಯಿಗೆ ಬಂದರೂ ಪೂರ್ತಿ ಹೊರಗೆ ಬರಲಿಲ್ಲ. ಆ ಬಾವಿಯ ನೀರೇ ನಾರಾಯಣಪೇಟೆಗೂ ಬರುತ್ತಿತ್ತು. ಬೇಸಿಗೆಯಲ್ಲಿ ನಮ್ಮ ಓಣಿಯ ನಲ್ಲಿಗೆ ವಾರಕ್ಕೊಮ್ಮೆ ನೀರು, ಅವ್ವ ಬಣ್ಣದ ನೂಲು ತೊಳೆಯಲು ನೀರಿಲ್ಲದೆ ಕಂಡಕಂಡವರನ್ನು ಶಪಿಸುತ್ತಿದ್ದಳು. ಹಾಗೆಂದು ಆ ಮಡುವಿನ ಮೀನು ಕೊಂದು ನೂಲು ತೊಳೆಯಬೇಕೇ? ಅಲ್ಲಿ ಮಡು ಇದೆ, ನಾನು ನನ್ನ ಕಣ್ಣಿನಿಂದ ನೋಡಿದ್ದೇನೆ ಎಂದೆ. ಸಾರ್ ಕನ್ನಡಕ ತೆಗೆದು ಒರೆಸಿಕೊಂಡರು. ಹದಿನಾಲ್ಕು ಮನೆಯವರು ಇಲ್ಲ ಎನ್ನುತ್ತಾರೆ, ನೀವೊಬ್ಬರು ಇದೆ ಎನ್ನುತ್ತೀರಿ, ನಾನು ಯಾವುದನ್ನು ಬರೆಯಲಿ ಎಂದರು. ಮುಂದಿನ ವಾರ ಮಕ್ತಲ್‌ನಲ್ಲಿ ಎಲ್ಲ ಊರವರ ಸಭೆ ಇದೆ. ಅಲ್ಲಿ ಊರವರೇ ಇದೆ ಎನ್ನಲಿ, ಮೂರು ಜನರ ಪಂಚನಾಮೆ ಆಗಲಿ, ನಾನು ಕೆಂಪು ಗೀಟು ಅಳಿಸುತ್ತೇನೆ. ಸಭೆ ಮುಗಿದು ಮೂರು ದಿನಕ್ಕೆ ಪಟ್ಟಿ ಮೇಲಕ್ಕೆ ಹೋಗುತ್ತದೆ, ಆಮೇಲೆ ದೇವರು ಬಂದರೂ ತಿದ್ದಲು ಆಗುವುದಿಲ್ಲ ಎಂದೂ ಹೇಳಿದರು.

ಮರುದಿನ ಹೊಳೆದೊಡ್ಡಿಗೆ ಓಡಿದೆ. ತಾಯಪ್ಪನ ಮುಂದೆ ಕೂತು ಬಿಡಿಸಿ ಬಿಡಿಸಿ ಹೇಳಿದೆ. ಕೋಲಿನಿಂದ ಮಣ್ಣಿನಲ್ಲಿ ಗೀಟು ಎಳೆದು ತೋರಿಸಿದೆ. ಅವನು ಎಲ್ಲ ಕೇಳಿದ, ಹೂಂಗುಟ್ಟಿದ, ಸಭೆಗೆ ಬರುತ್ತೇನೆ ಎಂದ. ಮಡುವಿನ ಸುದ್ದಿ ನನಗೆ ಹೇಗೆ ಗೊತ್ತಾಯಿತು ಎಂದು ಅವನು ಕೇಳಲೇ ಇಲ್ಲ. ಈರಮ್ಮ ಒಳಗೆ ಹಿಟ್ಟು ನಾದುತ್ತಿದ್ದಳು, ಪರಾತದ ಸದ್ದು ಮಾತ್ರ ಬರುತ್ತಿತ್ತು.

ಸಭೆಯ ದಿನ ಶಾಮಿಯಾನದ ಕೆಳಗೆ ಮುನ್ನೂರು ಜನ. ಮುಂದಿನ ಸಾಲಿನ ಕುರ್ಚಿಯಲ್ಲಿ ಮೀನಿನ ಗುತ್ತೇದಾರ, ಪಕ್ಕದಲ್ಲಿ ಅವನ ನಾಲ್ಕು ಮಂದಿ, ತಣ್ಣಗಿನ ನೀರಿನ ಬಾಟಲಿ ಹಿಡಿದು ಕೂತಿದ್ದರು. ಅವನಿಗೆ ಅಲ್ಲೇನು ಕೆಲಸ ಎಂದು ನನಗೆ ಆಗ ಹೊಳೆಯಲಿಲ್ಲ. ಹೊಳೆಯಬೇಕಿತ್ತು. ಒಂದೊಂದೇ ಊರಿನ ಹೆಸರು ಕರೆದು, ಬೇಸಿಗೆಯಲ್ಲಿ ಮೀನು ನಿಲ್ಲುವ ಜಾಗ ಯಾವುವು ಎಂದು ಮೈಕಿನಲ್ಲಿ ಕೇಳುತ್ತ ಬಂದರು. ಹೊಳೆದೊಡ್ಡಿಯ ಸರದಿ ಬಂತು. ತಾಯಪ್ಪ ಎದ್ದು ನಿಂತ, ಟವೆಲ್ಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದ, ಮೈಕು ಇಸಕೊಂಡ.

“ಇಲ್ರೀ ಸಾಹೇಬ್ರ. ಬರೇ ಬಂಡಿಗಲ್ಲು,” ಎಂದ.

ಹಿಂದೆ ಕೂತ ಹೊಳೆದೊಡ್ಡಿಯವರೆಲ್ಲ ತಲೆ ಆಡಿಸಿದರು. ರಂಗನಾಥ ಸಾರ್ ನನ್ನ ಕಡೆ ನೋಡಿದರು. ಅಂಥ ನೋಟವನ್ನು ನಾನು ಶಾಲೆಯಲ್ಲಿ ಬೇರೆಯವರಿಗೆ ಕೊಟ್ಟಿದ್ದೆನೇ ಹೊರತು ನನಗೆ ಯಾರೂ ಕೊಟ್ಟಿರಲಿಲ್ಲ. ಸಭೆ ಮುಗಿಯುವವರೆಗೆ ಹೇಗೆ ಕೂತಿದ್ದೆನೋ. ಆಮೇಲೆ ಬಸ್ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ತಾಯಪ್ಪನನ್ನು ಹಿಡಿದು ಬೈದೆ. ಕನ್ನಡದಲ್ಲಿ ಶುರು ಮಾಡಿದೆ, ಸಾಲಲಿಲ್ಲ, ತೆಲುಗಿಗೆ ಹೊರಳಿದೆ, ಅಲ್ಲಿಯೂ ಬೈಗುಳ ಮುಗಿದವು. ತಂದೆಯ ವಯಸ್ಸಿನವನಿಗೆ ಹಾಗೆ ಅನ್ನಬಾರದಿತ್ತು. ನಿಮ್ಮ ಪದ್ಧತಿಯನ್ನು ಬಂಡೆಯ ಜೊತೆಗೇ ಕಡಿದು ಹಾಕುತ್ತಾರೆ, ಆಗ ಯಾರ ಮುಂದೆ ಬಾಯಿ ಮುಚ್ಚುತ್ತೀರಿ ಎಂದು ಕೂಗಾಡಿದೆ. ಚಹಾದ ಅಂಗಡಿಯವನು ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಂತ.

ನಾನು ಮುಗಿಸಿದ ಮೇಲೆ ತಾಯಪ್ಪ ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. ಆಮೇಲೆ ಹೇಳಿದ:

“ಆ ಗುತ್ತೇದಾರನ ಮುಂದ ಕೇಳಿದ್ರಲ್ಲ ಟೀಚರಮ್ಮ. ಐತಿ ಅಂದ್ರ ನಾಳೆ ಅಂವ ಬಳಕೊಂಡು ಹೋಗ್ತಾನ. ಇಲ್ಲ ಅಂದ್ರ ನೀವು ಬಂಡಿ ಒಡೀತೀರಿ. ನಾ ಯಾವುದು ಹೇಳಬೇಕಿತ್ತು, ನೀವಽ ಹೇಳ್ರಿ.”

ನನಗೆ ಇನ್ನೂ ಸಿಟ್ಟು ಬಂತು, ಈ ಸಲ ನಮ್ಮ ಮೇಲೆಯೇ. ಇಷ್ಟು ಮಂದಿ ಓದಿದವರು ಸೇರಿ ಒಂದು ಸಭೆ ಕೂಡಿಸಿ, ಯಾರಿಂದ ಮುಚ್ಚಿಡಬೇಕೋ ಅವನನ್ನೇ ಮುಂದಿನ ಕುರ್ಚಿಯಲ್ಲಿ ಕೂರಿಸಿ, ಎಲ್ಲಿ ಮುಚ್ಚಿಟ್ಟಿದ್ದೀರಿ ಹೇಳಿ ಎಂದು ಮೈಕು ಕೊಟ್ಟಿದ್ದೆವು. ಊರಿನ ಕಡೆಯ ಆಟೋ ಬಂತು. ತಾಯಪ್ಪ ಹತ್ತುವ ಮುಂಚೆ ತಿರುಗಿ, ನಾಳೆ ನಿಮ್ಮ ಸಾಹೇಬರನ್ನು ಕರೆದುಕೊಂಡು ಬರ್ರಿ, ಇಬ್ಬರೇ ಬರ್ರಿ, ಬಂದು ಏನೂ ಕೇಳಬೇಡ್ರಿ ಎಂದ. ಬಾಯಿಂದ ಹೇಳಬಾರದು ಅಂತ ಪದ್ಧತಿ, ಪುಟ್ಟಿ ಹತ್ತಿಸಿಕೊಳ್ಳಬಾರದು ಅಂತ ಎಲ್ಲೂ ಇಲ್ಲ ಎಂದು ಸೇರಿಸಿದ.

ರಂಗನಾಥ ಸಾರನ್ನು ಹೊರಡಿಸಲು ನಾನು ಪಟ್ಟ ಪಾಡು ಬೇಡ. ಅವರಿಗೆ ನೀರೆಂದರೆ ಭಯ. ಇಪ್ಪತ್ತು ವರ್ಷ ಹೊಳೆಗಳ ಲೆಕ್ಕ ಬರೆದ ಮನುಷ್ಯ ಒಂದು ಸಲವೂ ಹರಿಗೋಲು ಹತ್ತಿರಲಿಲ್ಲ, ಈಜೂ ಬರುತ್ತಿರಲಿಲ್ಲ. ಬೆಳಿಗ್ಗೆ ಬಿಸಿಲು ಏರುವ ಮುಂಚೆ ತಾಯಪ್ಪ ಪುಟ್ಟಿಯನ್ನು ತಲೆಯ ಮೇಲೆ ಹೊತ್ತು ಬಂಡೆಗಳ ನಡುವೆ ನಮ್ಮ ಮುಂದೆ ನಡೆದ. ಮಡು ಕಂಡದ್ದೇ ಸಾರ್ ನಿಂತುಬಿಟ್ಟರು. ಏನನ್ನೋ ಹೇಳಲು ಹೋದರು, ನಾನು ಬಾಯಿಗೆ ಬೆರಳಿಟ್ಟು ತೋರಿಸಿದೆ. ಪುಟ್ಟಿಯಲ್ಲಿ ಅವರು ಎರಡೂ ಕೈಯಿಂದ ಅಂಚು ಹಿಡಿದು, ಕಣ್ಣು ಮುಚ್ಚಿ, ರಾಮ ರಾಮ ಎನ್ನುತ್ತ ಕೂತಿದ್ದರು. ನಡುಮಡುವಿನಲ್ಲಿ ತಾಯಪ್ಪ ಹುಟ್ಟು ನಿಲ್ಲಿಸಿ, ಕಲ್ಲು ಕಟ್ಟಿದ ಹಗ್ಗವನ್ನು ಅವರ ಕೈಗೆ ಕೊಟ್ಟ. ಸಾರ್ ಇಳಿಬಿಟ್ಟರು. ಇಳಿಯಿತು, ಇಳಿಯಿತು, ಇನ್ನೂ ಇಳಿಯಿತು. ಮೂವತ್ತು ಅಡಿ ಹಗ್ಗ ಮುಗಿಯಿತು, ಕಲ್ಲು ತಳ ಮುಟ್ಟಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ ಏನೋ ದೊಡ್ಡದು ಹಗ್ಗಕ್ಕೆ ಮೈ ಉಜ್ಜಿ ಹೋಯಿತು. ಸಾರ್ ಕಣ್ಣು ತೆರೆದರು. ಹೆದರಿಕೆ ಮರೆತು, ಬಗ್ಗಿ, ಬಹಳ ಹೊತ್ತು ನೀರಿನೊಳಗೆ ನೋಡಿದರು.

ದಡಕ್ಕೆ ಬಂದು ಅವರು ಕೂತಲ್ಲೇ ಫಾರಂ ತೆಗೆದರು. ಹೊಳೆಯ ಇನ್ನೊಂದು ಕವಲಿನಲ್ಲಿ ತೋಡು ಮಾಡಬಹುದು, ದೂರ ಜಾಸ್ತಿ, ಕೆಲಸ ಜಾಸ್ತಿ, ಆದರೂ ಬಾವಿಗೆ ನೀರು ಸಿಗುತ್ತದೆ ಎಂದರು. ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಎಲ್ಲ ಮುಗಿಯಿತು ಎಂದುಕೊಂಡೆ. ಎಲ್ಲಿ ಮುಗಿಯುವುದು? ತಾಯಪ್ಪ ಕೈಮುಗಿದು ಒಂದೇ ಒಂದು ಬೇಡಿಕೆ ಇಟ್ಟ. ನೀರು ಇದೆ ಅಂತ ಬರೀರಿ, ಮೀನು ಇದೆ ಅಂತ ಬರೆಯಬೇಡ್ರಿ.

ಸಾರ್ ತಲೆ ಮೇಲೆ ಕೈ ಹೊತ್ತರು. ಅವರು ತೆಲುಗಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದ್ದು ನನಗೆ ಈಗಲೂ ಹಾಗೇ ನೆನಪಿದೆ. ಬರೀ ನೀರು ಇದೆ ಎಂದು ಬರೆದರೆ, ಊರುಗಳಿಗೆ ಕೊಡಲು ಮೊದಲು ಎತ್ತುವುದೇ ಆ ನೀರನ್ನು. ಬಂಡೆ ಕಡಿಯಲು ಇನ್ನೂ ಒಳ್ಳೆಯ ಕಾರಣ ಕೊಟ್ಟ ಹಾಗಾಗುತ್ತದೆ. ಮೀನು ಇದೆ ಎಂದರೆ ಮಾತ್ರ ಯಾರೂ ಮುಟ್ಟುವಂತಿಲ್ಲ, ಬೇಸಿಗೆಯಲ್ಲಿ ಗುತ್ತೇದಾರನೂ ಮುಟ್ಟುವಂತಿಲ್ಲ. ಆದರೆ ಹಾಗೆ ಬರೆದದ್ದನ್ನು ಯಾರು ಬೇಕಾದರೂ ಓದಬಹುದು. ಮೂರು ಸಹಿ ಬೇಕು. ತಮ್ಮದೊಂದು, ನನ್ನದೊಂದು, ಊರಿನವರದು ಒಂದು.

ನಾನು ತಾಯಪ್ಪನ ಕಡೆ ನೋಡಲಿಲ್ಲ. ಊರಿನವರಲ್ಲಿ ಸಹಿ ಹಾಕುವವರ ಬಲೆಗೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಒಂದೇ ಮಾತಿನಲ್ಲಿ ಹೇಳುತ್ತೇನೆ, ಆ ಕ್ಷಣದಲ್ಲಿ ನನಗೆ ಸಾರ್ ಮೇಲೆ ಸಿಟ್ಟು ಬಂತು, ಫಾರಂ ಮೇಲೆ ಬಂತು, ಊರಿನ ಪದ್ಧತಿಯ ಮೇಲೆ ಬಂತು. ಕಷ್ಟ ಅನುಭವಿಸುವ ಸರದಿ ಬಂದಾಗ ಮಾತ್ರ ಇವರೆಲ್ಲ ಎಷ್ಟು ಸರಿಯಾಗಿ ಒಬ್ಬನೇ ಒಬ್ಬ ಮನುಷ್ಯನನ್ನು ಹುಡುಕಿ ನಿಲ್ಲಿಸುತ್ತಾರಲ್ಲ ಎನಿಸಿತು. ತಾಯಪ್ಪ ಮಡುವಿಗೆ ಬೆನ್ನು ಮಾಡಿ, ಒಂದಿಷ್ಟು ದೂರ ನಡೆದು, ಒಂದು ಬೀಡಿ ಸೇದಿ ಮುಗಿಸಿ ಬಂದ.

“ಬರೀರಿ. ನನ್ನ ಹೆಸರ್ಲೆ ಬರೀರಿ,” ಎಂದ.

ಅವನಿಗೆ ಓದು ಬರೆಯುವುದು ಬರುತ್ತಿರಲಿಲ್ಲ. ಬಾಳೆಮೀನು, ಕೊರವ, ಆಮೆ ಎಂದು ನಾನು ಒಂದೊಂದೇ ಬರೆಯುತ್ತ ಹೋದೆ. ಅವನು ಪ್ರತಿಯೊಂದಕ್ಕೂ ಏನು ಬರೆದಿರಿ ಎಂದು ಕೇಳಿದ, ನಾನು ಬಿಟ್ಟದ್ದನ್ನು ಹೇಳಿ ಬರೆಸಿದ. ಆಮೇಲೆ ಹೆಬ್ಬೆಟ್ಟು ಒತ್ತಿದ. ಹತ್ತೊಂಬತ್ತು ಕಾಲಮ್ಮೂ ತುಂಬಿದ್ದವು. ಆ ಬೇಸಿಗೆಯಲ್ಲಿ ನಾನು ಬರೆದ ಫಾರಂಗಳಲ್ಲಿ ಪೂರ್ತಿ ನಿಜವಾಗಿದ್ದದ್ದು ಅದೊಂದೇ.

ಕೆಂಪು ಗೀಟು ಇನ್ನೊಂದು ಕವಲಿಗೆ ಹೋಯಿತು. ಬಂಡೆ ಉಳಿಯಿತು. ಇದರಲ್ಲಿ ಖುಷಿ ಪಡಲು ಬಿಟ್ಟರೇ? ಜೂನ್ ಮೊದಲ ವಾರ ಯಾರೋ ಬಂದು ಮಡುವಿನ ದಾರಿಯಲ್ಲಿ ದೊಡ್ಡ ಬೋರ್ಡು ನೆಟ್ಟು ಹೋದರು. ಇಲ್ಲಿ ಅಪರೂಪದ ಮೀನುಗಳಿವೆ, ಹಿಡಿಯಬಾರದು ಎಂದು ತೆಲುಗಿನಲ್ಲಿ ಬರೆದು, ದಾರಿ ತೋರಿಸಲು ಒಂದು ಬಾಣದ ಗುರುತು ಬೇರೆ. ಮುಚ್ಚಿಡುವುದನ್ನು ಇಷ್ಟು ದೊಡ್ಡ ಅಕ್ಷರದಲ್ಲಿ ಕೂಗಿ ಹೇಳುವ ಬುದ್ಧಿ ಎಲ್ಲಿಂದ ಬರುತ್ತದೆಯೋ ದೇವರೇ ಬಲ್ಲ. ಅಂಬಿಗರು ಎರಡೇ ದಿನದಲ್ಲಿ ಅದನ್ನು ಕಿತ್ತು ಜೋಳದ ಕಣಕಿಯ ಬಣವೆಗೆ ಹೊದಿಸಿದರು. ಆಮೇಲೆ ಕೆಂಪು ನೀರು ಬರುವ ತನಕ ಹಗಲು ರಾತ್ರಿ ಸರದಿಯ ಮೇಲೆ ಮಡುವಿನ ಬಾಯಿಯಲ್ಲಿ ಕೂತರು. ಗುತ್ತೇದಾರನ ಮಂದಿ ಎರಡು ಸಲ ಬಂದು, ಕೂತವರನ್ನು ನೋಡಿ, ಬೀಡಿ ಕೇಳಿ ಸೇದಿ ಹೋದರಂತೆ. ಹೆಬ್ಬೆಟ್ಟು ಒತ್ತಿದ್ದಕ್ಕೆ ಬಲೆ ಬಂದ್ ಆಗಿದ್ದ ತಾಯಪ್ಪನೂ ತನ್ನ ಸರದಿ ತಪ್ಪಿಸಲಿಲ್ಲ. ಅದಕ್ಕೆ ಮಾತ್ರ ಅವನಿಗೆ ಅಡ್ಡಿ ಇರಲಿಲ್ಲ.

ಶಾಲೆ ಶುರುವಾಗಿತ್ತು. ಮೇಲಿನ ಅಣೆಕಟ್ಟುಗಳು ತುಂಬಿ ಕೆಂಪು ನೀರು ಹೊರಟಿದೆ ಎಂಬ ಸುದ್ದಿ ಕೇಳಿ ಒಂದು ದಿನ ರಜೆ ಹಾಕಿ ಹೊಳೆದೊಡ್ಡಿಗೆ ಹೋದೆ. ಊರೆಲ್ಲ ದಡದಲ್ಲಿತ್ತು. ಎಲ್ಲ ಮನೆಯ ಪುಟ್ಟಿಗಳೂ ನೀರಿಗೆ ಇಳಿದಿದ್ದವು. ತಾಯಪ್ಪನ ಪುಟ್ಟಿ ಮಾತ್ರ ಮನೆಯ ಮುಂದೆ ಬೋರಲು ಬಿದ್ದಿತ್ತು, ಅದಕ್ಕೆ ಹೊಸದಾಗಿ ಡಾಂಬರು ಬಳಿದಿದ್ದ. ಅವನು ಹೊಸ್ತಿಲಿನ ಮೇಲೆ ಕೂತಿದ್ದ. ಬಲೆ ಬಂದ್ ಆದ ಮನೆಯವರು ಮೊದಲ ದಿನ ದಡಕ್ಕೂ ಹೋಗುವ ಹಾಗಿಲ್ಲ. ಅವನ ಮಗ ಆ ವರ್ಷ ಪುಣೆಯಿಂದ ಬಂದಿರಲಿಲ್ಲ, ಬಂದು ಏನು ಮಾಡುವುದಿತ್ತು. ಒಳಗೆ ಈರಮ್ಮ ಬೆಳಿಗ್ಗೆಯೇ ಖಾರ ಅರೆದು, ಹುಣಸೆ ಹಿಂಡಿ ಸಾರಿಗೆ ಇಟ್ಟಿದ್ದಳು. ಊರವರ ಮನಸ್ಸು ಕರಗಬಹುದು, ಪಾಲು ಕಳಿಸಬಹುದು ಎಂದು ಅವಳ ಆಸೆ. ಬುಟ್ಟಿ ಹೊತ್ತವರು ಮನೆ ಮನೆಗೆ ಹಂಚುತ್ತ ಬಂದರು. ಪಕ್ಕದ ಮನೆಗೆ ಕೊಟ್ಟರು, ಇವರ ಬಾಗಿಲು ದಾಟಿ ಆಚೆ ಮನೆಗೆ ಕೊಟ್ಟರು. ನೀರು ಬಂತಲ್ಲ ಮಾವ ಎಂದು ತಾಯಪ್ಪನನ್ನು ಮಾತಾಡಿಸಿಯೇ ಹೋದರು. ಅದೇ ನನಗೆ ತಡೆಯಲಾಗಲಿಲ್ಲ.

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಅವನ ಸಹಿ ಇರದಿದ್ದರೆ ಇವತ್ತು ಇವರ ಬುಟ್ಟಿಯಲ್ಲಿ ಏನಿರುತ್ತಿತ್ತು ಎಂದು ಕೇಳಿಯೇ ಬರುತ್ತೇನೆ ಎಂದೆ. ತಾಯಪ್ಪ ಕೂತಲ್ಲಿಂದಲೇ ತಡೆದ.

“ಬ್ಯಾಡ್ರಿ. ಅವರು ಮಾಡಿದ್ದು ಬರೋಬರಿ ಐತಿ. ನನ್ನ ಬಿಟ್ರ ನಾಳೆ ಬಾಯಿ ಯಾರು ಮುಚ್ಚತಾರ?”

ಇಂಥವರ ಜೊತೆ ಹೇಗೆ ಏಗುವುದು? ಜಗಳಕ್ಕೂ ಬಿಡುವುದಿಲ್ಲ. ನಾನು ಚಪ್ಪಲಿ ಕಳಚದೆ ಅಲ್ಲೇ ನಿಂತೆ. ಅವನು, ಸುಮ್ಮನೆ ನಿಂತು ಏನು ಮಾಡುತ್ತೀರಿ, ಬಂಡೆಯ ಹತ್ತಿರ ಹೋಗಿ ನೋಡಿಯಾದರೂ ಬರ್ರಿ ಎಂದ. ಏನು ನೋಡಬೇಕು ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೋದೆ. ಕೆಂಪು ನೀರು ಮಡು ತುಂಬಿ ಆ ಅಡ್ಡ ಬಂಡೆಯನ್ನು ದಾಟಿ ಇಳಿಯುತ್ತಿತ್ತು. ಬಂಡೆಯ ಮೇಲೆ ಒಂದು ಗೇಣು ನೀರು. ಅದರಲ್ಲಿ ಬೆರಳುದ್ದದ, ಉಗುರುದ್ದದ ಮರಿಗಳು ತಂಡತಂಡವಾಗಿ ಹೊರಳಿ ಹೊಳೆಗೆ ಬೀಳುತ್ತಿದ್ದವು. ಒಂದು ತಂಡ ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು. ನಾನು ಮೊಣಕಾಲು ತನಕ ನೀರಿನಲ್ಲಿ ನಿಂತೆ, ಕಾಲಿಗೆಲ್ಲ ತಾಗಿಕೊಂಡು ಹೋದವು. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಸೀರೆಯ ಅಂಚೆಲ್ಲ ಕೆಂಪಾಗಿತ್ತು.

ತಿರುಗಿ ಬಂದಾಗ ಈರಮ್ಮ ಮುಖ ಗಂಟು ಹಾಕಿಕೊಂಡು ತಾಟು ಇಟ್ಟಿದ್ದಳು. ಜೋಳದ ರೊಟ್ಟಿ, ಮೀನಿಗೆಂದು ಕುದಿಸಿದ ಸಾರು, ಅದರಲ್ಲಿ ಮೀನಿಲ್ಲ. ತಾಯಪ್ಪ ಊಟಕ್ಕೆ ಕೈ ಹಾಕದೆ ನನ್ನನ್ನೇ ನೋಡುತ್ತಿದ್ದ. ಅದಾವೇನ್ರಿ ಎಂದ. ಅದಾವು ಎಂದೆ. ಎಷ್ಟು ಎಂದ. ಎಣಿಸಾಕ ಆಗಂಗಿಲ್ಲ ಎಂದೆ. ಅವನು ತಲೆ ಆಡಿಸಿ ತಾಟು ಹತ್ತಿರ ಎಳೆದುಕೊಂಡ. ಮೀನಿಲ್ಲದ ಆ ಸಾರಿನಲ್ಲಿ ತಾಯಪ್ಪ ಅವತ್ತು ನಾಲ್ಕು ರೊಟ್ಟಿ ತಿಂದ.